ಹಳೆ ಮೋಟಾರಿನ ಬೆಲೆ

ಬಿರುಗಾಳಿಗೆ ಹಗ್ಗ ಹರಿದುಕೊಂಡ ದೋಣಿ ಕಲ್ಲಿನ ಗೋಡೆಗೆ ಬಡಿದು ಎರಡು ಹೋಳಾದ ಮೇಲೆ, ಆ ಮನೆಯ ಐದು ಹೊಟ್ಟೆಗಳು ನಾದಿನಿಯ ಒಂದು ಚೂರಿಯನ್ನು ನಂಬಿಕೊಂಡು ಬದುಕುತ್ತಿದ್ದವು.

ನಾದಿನಿ ಎಂದರೆ ಸೊಸೆಯ ಗಂಡನ ಅಕ್ಕ. ಮೀನಿನ ಶೆಡ್ಡಿನಲ್ಲಿ ಉದ್ದನೆಯ ಮೇಜಿನ ಮುಂದೆ ನಿಂತು ಬೆಳಗಿನಿಂದ ಸಂಜೆಯವರೆಗೆ ಮೀನಿನ ತಲೆ ಕತ್ತರಿಸುವುದು ಅವಳ ಕೆಲಸ. ಮದುವೆಯಾಗಿರಲಿಲ್ಲ. ಹನ್ನೊಂದು ವರ್ಷ ಕೂಡಿಟ್ಟ ದುಡ್ಡಿನಲ್ಲಿ ಬೀದಿ ಮೂಲೆಯಲ್ಲೊಂದು ಪುಟ್ಟ ಅಂಗಡಿ ಇಡಬೇಕು, ಆಮೇಲೆ ಆ ಶೆಡ್ಡಿನ ಕಡೆ ತಲೆಯಿಟ್ಟೂ ಮಲಗಬಾರದು ಅನ್ನುವುದೊಂದೇ ಅವಳ ಆಸೆ. ಅವಳ ತಮ್ಮ, ಸೊಸೆಯ ಗಂಡ, ದೋಣಿ ಹೋದ ಮೇಲೆ ಐಸ್ ಕಾರ್ಖಾನೆಯಲ್ಲಿ ಗಡ್ಡೆ ಹೊರುತ್ತಿದ್ದ. ಅದೂ ವಾರಕ್ಕೆ ಮೂರು ದಿನ ಕರೆದರೆ ಪುಣ್ಯ. ಅತ್ತೆ ಎಲ್ಲರಿಗೂ ಬಡಿಸಿ ಮುಗಿಸಿ, ತನಗೆ ಮಧ್ಯಾಹ್ನದ್ದೇ ಇನ್ನೂ ಅರಗಿಲ್ಲ ಅನ್ನುತ್ತಿದ್ದಳು. ಮಧ್ಯಾಹ್ನ ಏನು ತಿಂದೆ ಅಂತ ಯಾರೂ ಕೇಳುತ್ತಿರಲಿಲ್ಲ. ಉತ್ತರ ಎಲ್ಲರಿಗೂ ಗೊತ್ತಿತ್ತು.

ಮೀನಿನ ಹಂಗಾಮಿಗೆ ಇನ್ನು ಐದು ವಾರವಿತ್ತು. ದೋಣಿಕಟ್ಟೆಯಲ್ಲಿ ಒಂದು ಕಟ್ಟುಪಾಡು: ಹಂಗಾಮಿನ ಮೊದಲ ದಿನ ಯಾರ ಗೂಟದಲ್ಲಿ ದೋಣಿ ಇರುವುದಿಲ್ಲವೋ ಆ ಗೂಟ ಬೇರೆಯವರ ಪಾಲು. ಮಾವನ ಕಾಲದಿಂದ ಬಂದ ಗೂಟ. ಅದಕ್ಕಾಗಿ ಕಾದು ಕೂತವರು ಮೂವತ್ತು ಜನ.

"ನನ್ನ ದುಡ್ಡು ತಗೊಳ್ಳಿ," ಎಂದು ಒಂದು ಸಂಜೆ ನಾದಿನಿಯೇ ಹೇಳಿದಳು. ಎಪ್ಪತ್ತು ಸಾವಿರ. ಒಡೆದ ದೋಣಿಯ ಹೋಳುಗಳನ್ನು ಮಾರಿ ಬಂದದ್ದು ಒಂಬತ್ತು. "ಆದ್ರೆ ದೋಣಿ ನೋಡಿ ತಗೊಳ್ಳಿ. ಕಣ್ಣು ಮುಚ್ಚಿ ತಗೊಂಡು ಆಮೇಲೆ ನನ್ನ ಮುಂದೆ ಅಳಬೇಡಿ. ಇವಳನ್ನೂ ಕರ್ಕೊಂಡು ಹೋಗು."

ಇವಳು ಅಂದರೆ ಸೊಸೆ. ಅವಳ ಅಪ್ಪ ದೋಣಿ ಮೋಟಾರು ರಿಪೇರಿ ಮಾಡುತ್ತಿದ್ದವನು. ತಾಯಿಯಿಲ್ಲದ ಹುಡುಗಿ ಅಂಗಡಿಯಲ್ಲೇ ಬೆಳೆದಿದ್ದಳು. ಒಲೆ ಹಚ್ಚುವುದಕ್ಕೂ ಮೊದಲೇ ಮೋಟಾರಿನ ಪ್ಲಗ್ಗು ಬಿಚ್ಚಲು ಕಲಿತಿದ್ದಳು. ಮದುವೆಯಾಗಿ ಬಂದ ಎಂಟು ವರ್ಷದಲ್ಲಿ ಆ ವಿದ್ಯೆ ಈ ಮನೆಯಲ್ಲಿ ಹೊಲಿಗೆಯ ಮಿಷನ್ನಿಗೆ ಎಣ್ಣೆ ಬಿಡುವುದಕ್ಕಿಂತ ಹೆಚ್ಚಿಗೆ ಬಳಕೆಗೆ ಬಂದಿರಲಿಲ್ಲ.

"ಹೆಂಡ್ತೀನ ಕರ್ಕೊಂಡು ದೋಣಿ ನೋಡೋಕೆ ಹೋದ್ರೆ ಕಟ್ಟೆಯವರು ನಗ್ತಾರೆ," ಎಂದ ಗಂಡ.

"ನಗಲಿ ಬಿಡು. ನಗೋರು ಯಾರೂ ದುಡ್ಡು ಕೊಡ್ತಿಲ್ಲವಲ್ಲ."

ಮೊದಲು ನೋಡಿದ ದೋಣಿ ಹಸಿ ಬಣ್ಣದ ವಾಸನೆ ಹೊಡೆಯುತ್ತಿತ್ತು. ಸೊಸೆ ಒಂದು ನಾಣ್ಯ ಹಿಡಿದು ಅದರ ಮೈಯುದ್ದಕ್ಕೂ ತಟ್ಟುತ್ತಾ ಹೋದಳು. ಮುಂದೆಲ್ಲ ಟಣ್ ಟಣ್ ಅನ್ನುತ್ತಿದ್ದದ್ದು ಮೋಟಾರು ಕೂರುವ ಹಿಂಬದಿಯ ಹಲಗೆಯ ಹತ್ತಿರ ದಪ್ ಅಂದಿತು. ಸ್ಕ್ರೂ ಡ್ರೈವರಿನ ತುದಿ ಒತ್ತಿದರೆ ಬ್ರೆಡ್ಡಿಗೆ ಚುಚ್ಚಿದ ಹಾಗೆ ಒಳಗೆ ಹೋಯಿತು. ನಡುಗಡಲಲ್ಲಿ ಮೋಟಾರು ಹಲಗೆ ಸಮೇತ ಕಿತ್ತುಕೊಂಡು ಮುಳುಗುತ್ತದೆ ಅಂದಳು. ಮಾರುವವನು ಸ್ಕ್ರೂ ಡ್ರೈವರು ಚುಚ್ಚಿದ ತೂತಿಗೆ ದುಡ್ಡು ಕೇಳಿದ.

ಎರಡನೆಯ ದೋಣಿ ಗಟ್ಟಿಯಾಗಿತ್ತು. ಮೋಟಾರು ಒಂದೇ ಎಳೆತಕ್ಕೆ ಶುರುವಾಯಿತು, ಗಂಡನ ಮುಖ ಅರಳಿತು. ಅವಳು ಶುರುವಾಗುವ ಮೊದಲೇ ಮುಚ್ಚಳದ ಮೇಲೆ ಅಂಗೈ ಇಟ್ಟು ನೋಡಿದ್ದಳು. ಬೆಚ್ಚಗಿತ್ತು. ಇವರು ಬರುವ ಮುಂಚೆಯೇ ಓಡಿಸಿ ಕಾಯಿಸಿಟ್ಟಿದ್ದಾರೆ. ಕೆಳಗಿನ ಬೋಲ್ಟು ಸಡಿಲಿಸಿ ಗೇರಿನ ಎಣ್ಣೆ ಬೆರಳಿಗೆ ತೆಗೆದರೆ ಹಾಲಿನ ಹಾಗೆ ಬೆಳ್ಳಗೆ ಇತ್ತು. ಒಳಗೆ ನೀರು ಸೇರಿದೆ. ಇನ್ನು ಎರಡು ತಿಂಗಳು ಓಡಿದರೆ ಹೆಚ್ಚು, ಬೇಡ, ಅಂದಳು.

ನಾಲ್ಕೇ ದಿನಕ್ಕೆ ಆ ದೋಣಿಯನ್ನು ಪಕ್ಕದ ಓಣಿಯವನು ಕೊಂಡ. ದಿನಾ ಬೆಳಿಗ್ಗೆ ಇವರ ಮನೆಯ ಮುಂದಿನ ನೀರಿನಲ್ಲೇ ಹೋಗಿ ಬರುತ್ತಿದ್ದ. ಗಂಡ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ನಿನ್ನ ಹಾಲು ಎಲ್ಲಿ ಹೋಯಿತು, ಚಂದ ಓಡುತ್ತಿದೆಯಲ್ಲ ಅನ್ನುತ್ತಿದ್ದ. ಅತ್ತೆ ಪಾತ್ರೆ ತಿಕ್ಕುತ್ತಾ, ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರೆ ಯಾರು ಏನು ಮಾಡೋಕಾಗುತ್ತೆ ಅನ್ನುತ್ತಿದ್ದಳು. ಒಂದು ಸಂಜೆ ಮಗು ಇನ್ನೊಂದು ತುತ್ತು ಅನ್ನ ಕೇಳಿತು. ಪಾತ್ರೆಯಲ್ಲಿ ಇರಲಿಲ್ಲ. ನಾದಿನಿ ತನ್ನ ತಟ್ಟೆಯಿಂದ ಎತ್ತಿ ಹಾಕಿದಳು. ಅವಳ ಬೆರಳುಗಳ ಸಂದಿಯಲ್ಲಿ ಉಪ್ಪು ನೀರಿಗೆ ಬಿರಿದ ಗಾಯಗಳಿದ್ದವು. ಎಡಗೈಯ ಕಿರುಬೆರಳಿಗೆ ತುದಿಯೇ ಇರಲಿಲ್ಲ.

"ಮೂರನೇದಕ್ಕೂ ಬೇಡ ಅಂದ್ರೆ," ಎಂದ ಗಂಡ, ಯಾರ ಮುಖವನ್ನೂ ನೋಡದೆ, "ಆ ಗೂಟಕ್ಕೆ ನನ್ನನ್ನೇ ಕಟ್ಟಿಹಾಕಿ."

ಮೂರನೆಯದು ಸಿಕ್ಕಿದಾಗ ಎರಡು ವಾರ ಉಳಿದಿತ್ತು.

ಮಾರುವವಳು ಟೈಲರಮ್ಮ. ಶಾಲೆಯ ಮಕ್ಕಳ ಯೂನಿಫಾರ್ಮು ಹೊಲಿಯುತ್ತಿದ್ದವಳು. ಅವಳ ಗಂಡ ಹಳೆಯ ದೋಣಿಯವನು, ಆರು ತಿಂಗಳ ಹಿಂದೆ ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಗಿತ್ತು. ಮಾತೂ ಹೋಗಿತ್ತು. ಇದ್ದ ಒಂದೇ ಕೋಣೆಯಲ್ಲಿ ಹೊಲಿಗೆ ಮಿಷನ್ನು ಮತ್ತು ಬಟ್ಟೆಯ ರಾಶಿ ತುಂಬಿದ್ದರಿಂದ ಅವನ ಮಂಚವನ್ನು ಹಿತ್ತಲಿನ ತಗಡಿನ ಚಪ್ಪರದಲ್ಲಿ, ದೋಣಿಯ ಪಕ್ಕದಲ್ಲೇ ಹಾಕಿದ್ದರು. ದೋಣಿಗೆ ಎಂಬತ್ತು ಬೇಕು ಅಂದಳು ಟೈಲರಮ್ಮ. ಮೋಟಾರು ಸತ್ತಿದೆ. ಇವರು ಬಿದ್ದ ಮೇಲೆ ಶುರುವೇ ಆಗಲಿಲ್ಲ. ಕಟ್ಟೆಯ ಮೆಕ್ಯಾನಿಕ್ಕು ಬಂದು ಮುಚ್ಚಳ ತೆಗೆದು ನೋಡಿ, ಒಳಗೆಲ್ಲ ಸುಟ್ಟಿದೆ, ಸಾಮಾನು ಸಿಗಲ್ಲ ಅಂದ. ಗುಜರಿಯವನು ಆರು ಸಾವಿರಕ್ಕೆ ಕೇಳಿದ್ದಾನೆ.

ಮಂಚದ ಮೇಲಿದ್ದ ಮುದುಕ ಎಡಗೈ ಎತ್ತಿ, "ತಂ… ತಂ…" ಅಂದ.

"ತಂಗೀನ ಕರೀತಾರೆ," ಎಂದಳು ಟೈಲರಮ್ಮ. "ಅವಳು ಸತ್ತೇ ಹತ್ತು ವರ್ಷ ಆಯ್ತು. ಹಗಲೂ ರಾತ್ರಿ ಇದೇ ಜಪ. ಕೇಳಿ ಕೇಳಿ ನನ್ನ ತಲೆಯೇ ತೂತಾಗಿದೆ."

ಸೊಸೆ ದೋಣಿಯನ್ನು ಒಳಗೂ ಹೊರಗೂ ತಟ್ಟಿದಳು, ಹಲಗೆ ಚುಚ್ಚಿದಳು, ತಳಕ್ಕೆ ಮಲಗಿ ನೋಡಿದಳು. ಬಂಗಾರದಂಥ ದೋಣಿ. ಗಂಡ ಮತ್ತು ಟೈಲರಮ್ಮ ದರ ಮಾತಾಡಲು ಒಳಗೆ ಹೋದರು. ಅವಳಿಗೆ ಮೋಟಾರಿನ ಹತ್ತಿರ ಯಾವ ಕೆಲಸವೂ ಇರಲಿಲ್ಲ. ಆದರೂ ಮುಚ್ಚಳ ತೆಗೆದಳು.

ಪ್ಲಗ್ಗು ಬಿಚ್ಚಿ ನೋಡಿದರೆ ತುದಿ ಒಣಗಿ ಕಂದುಬಣ್ಣಕ್ಕಿತ್ತು. ಆರೋಗ್ಯವಂತ ಮೋಟಾರಿನ ಬಣ್ಣ ಅದು. ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು ಹಗ್ಗ ಎಳೆದಳು. ಒಳಗಿನ ಗಾಳಿ ಬೆರಳನ್ನು ಫಟ್ಟೆಂದು ಎಸೆಯಿತು. ಗೇರಿನ ಎಣ್ಣೆ ಜೇನಿನ ಹಾಗಿತ್ತು. ಇಷ್ಟೆಲ್ಲ ಇದ್ದೂ ಕಿಡಿ ಮಾತ್ರ ಇರಲಿಲ್ಲ.

"ತಂ… ತಂ…" ಎಂದ ಮುದುಕ.

ಅವಳು ತಿರುಗಿ ನೋಡಿದಳು. ಅವನು ಅವಳನ್ನು ಕರೆಯುತ್ತಿರಲಿಲ್ಲ, ಯಾರನ್ನೂ ಕರೆಯುತ್ತಿರಲಿಲ್ಲ. ಅವನ ಎಡಗೈ ಮೋಟಾರಿನ ಹಿಂದಕ್ಕೆ ತೋರಿಸುತ್ತಿತ್ತು.

"ತಂತಿಯಾ ಅಜ್ಜ?"

ಮುದುಕನ ಕಣ್ಣಿನಲ್ಲಿ ನೀರು ತುಂಬಿತು.

ಹಿಂಭಾಗದಲ್ಲಿ ಕೈಯಾಡಿಸಿದಳು. ಮೋಟಾರು ನಿಲ್ಲಿಸುವ ಗುಂಡಿಯ ತಂತಿ ಅಲ್ಲಿತ್ತು. ಅದು ಮೋಟಾರಿನ ಮೈಗೆ ತಾಗಿದರೆ ಕಿಡಿ ಸಾಯುತ್ತದೆ. ಯಾರೋ ಆ ತಂತಿಯ ತೊಗಟೆ ಸುಲಿದು, ಒಂದು ಬೋಲ್ಟಿನ ಕೆಳಗೆ ಸಿಕ್ಕಿಸಿ, ಕಪ್ಪು ಟೇಪು ಸುತ್ತಿ ಬಚ್ಚಿಟ್ಟಿದ್ದರು. ಕಳ್ಳರ ಕಾಟಕ್ಕೆ ಹಳಬರು ಮಾಡುವ ಉಪಾಯ; ಅಪ್ಪನೂ ಎಷ್ಟೋ ಜನಕ್ಕೆ ಮಾಡಿಕೊಟ್ಟಿದ್ದ. ಕದ್ದವನಿಗೆ ಮೋಟಾರು ಶುರುವಾಗಬಾರದು, ಗುಟ್ಟು ಒಡೆಯನಿಗೆ ಮಾತ್ರ ಗೊತ್ತಿರಬೇಕು. ಆ ಒಡೆಯ ಬಾಯಿ ಬಿದ್ದು ಮಂಚ ಹಿಡಿದಿದ್ದ.

ತಂತಿ ಬಿಡಿಸಿ, ಪ್ಲಗ್ಗನ್ನು ಮೋಟಾರಿನ ಮೈಗೆ ಆನಿಸಿ, ಸೆರಗಿನ ಮರೆ ಮಾಡಿ ಹಗ್ಗ ಎಳೆದಳು. ನೀಲಿ ಕಿಡಿ ಚಟ್ ಅಂದಿತು. ಮುದುಕ ನೋಡಿದ. ಅರ್ಧ ಮುಖದಲ್ಲಿ ನಕ್ಕ.

ಒಳಗೆ ಟೈಲರಮ್ಮ ಎಪ್ಪತ್ತೆರಡಕ್ಕೆ ಇಳಿದದ್ದು, ಮೋಟಾರನ್ನು ಬೇಕಾದರೆ ಗುಜರಿ ದರಕ್ಕೆ ನೀವೇ ಒಯ್ಯಿರಿ ಅಂದದ್ದು ಚಪ್ಪರಕ್ಕೆ ಸರಿಯಾಗಿ ಕೇಳಿಸಿತು. ಓಡುವ ಮೋಟಾರು ಅಂದರೆ ಎಲ್ಲ ಸೇರಿ ಒಂದು ಲಕ್ಷ ಮೂವತ್ತಕ್ಕೆ ಕಡಿಮೆಯಿಲ್ಲ. ಇವರಲ್ಲಿದ್ದದ್ದು ಎಪ್ಪತ್ತೊಂಬತ್ತು.

ಸೊಸೆ ಆ ತಂತಿಯನ್ನು ಮತ್ತೆ ಬೋಲ್ಟಿನ ಕೆಳಗೆ ಸಿಕ್ಕಿಸಿದಳು. ಟೇಪು ಸುತ್ತಿದಳು. ಮುಚ್ಚಳ ಹಾಕಿದಳು. ಮುದುಕ ಅದನ್ನೂ ನೋಡಿದ.

ಅಂದು ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಾತಾಡಿದರು. ತಂತಿಯ ವಿಷಯ ಹೇಳಿದಳು. ಮುದುಕ ನೋಡಿದ್ದನ್ನು ಹೇಳಲಿಲ್ಲ. ಗಂಡ ಎರಡು ಸಲ ಕೇಳಿದ, ಖಾತ್ರಿಯಾ, ಖಾತ್ರಿಯಾ ಅಂತ. ಆಮೇಲೆ ತಲೆಯ ಮೇಲೆ ಕೈಹೊತ್ತು ಕೂತ. ಹೇಳಿದರೆ ಅವರು ಲಕ್ಷದ ಮೇಲೆ ಕೇಳುತ್ತಾರೆ, ನಾನು ಜೀವನಪೂರ್ತಿ ಐಸು ಹೊರುತ್ತೇನೆ ಅಂದ. ಅತ್ತೆ, ಕಾಯಿಲೆಯವರ ಮನೆ ಕಣೋ ಅಂತ ಶುರುಮಾಡಿ, ಮೂಲೆಯಲ್ಲಿ ಖಾಲಿ ತಟ್ಟೆ ನೆಕ್ಕುತ್ತಿದ್ದ ಮೊಮ್ಮಗಳನ್ನು ನೋಡಿ ಅರ್ಧಕ್ಕೇ ನಿಲ್ಲಿಸಿದಳು.

"ನಾವೇನು ಕನ್ನ ಹಾಕ್ತಿದ್ದೀವಾ?" ಎಂದಳು ನಾದಿನಿ. "ಅವರ ಮೆಕ್ಯಾನಿಕ್ಕು ಸತ್ತಿದೆ ಅಂದ. ನಾವೂ ಹೌದು ಅಂದ್ವಿ. ಅಷ್ಟೇ."

"ನಾನು ಕಿಡಿ ನೋಡಿದೀನಿ ಅತ್ತಿಗೆ."

"ನೋಡಿದ್ದನ್ನ ಮರೆ. ಹನ್ನೊಂದು ವರ್ಷದಲ್ಲಿ ನಾನು ಎಷ್ಟು ಮರೆತಿಲ್ಲ."

ಮಾರನೆಯ ದಿನ ಎಪ್ಪತ್ತೆಂಟು ಸಾವಿರ ಎಣಿಸಿ ಕೊಟ್ಟರು. ಟೈಲರಮ್ಮ ನೋಟುಗಳನ್ನು ಬಟ್ಟೆಯ ಚೀಲಕ್ಕೆ ಹಾಕಿ, ನಿಮಗೆ ಒಳ್ಳೆಯದಾಗಲಿ ಅಂದಳು. ನಿನ್ನೆಯಿಂದ ಇವರು ತಂಗಿಯನ್ನು ಕರೆಯುವುದು ಬಿಟ್ಟಿದ್ದಾರೆ, ಮನೆಯಲ್ಲಿ ಸ್ವಲ್ಪ ನೆಮ್ಮದಿ ಅಂದಳು. ಮುದುಕ ಗೋಡೆಯ ಕಡೆ ತಿರುಗಿ ಮಲಗಿದ್ದ.

ಹಂಗಾಮಿನ ಮೊದಲ ದಿನ ದೋಣಿ ಗೂಟದಲ್ಲಿತ್ತು. ಮೋಟಾರು ಮೊದಲ ಎಳೆತಕ್ಕೇ ಗುಡುಗಿತು. ಮೂರು ವಾರ ಮೀನು ಕೈತುಂಬ ಬಂತು. ಅತ್ತೆ ಎಲ್ಲರ ಎದುರಿಗೆ ಕೂತು ಊಟ ಮಾಡತೊಡಗಿದಳು, ಇನ್ನೊಂದು ಸಲ ಬಡಿಸಿಕೊಂಡಳು. ಸತ್ತ ಮೋಟಾರನ್ನು ನನ್ನ ಹೆಂಡತಿ ಬದುಕಿಸಿದಳು ಅಂತ ಗಂಡ ಕಟ್ಟೆಯಲ್ಲೆಲ್ಲ ಹೇಳಿಕೊಂಡು ಬಂದ. ಇಬ್ಬರು ತಮ್ಮ ಮೋಟಾರನ್ನೂ ತೋರಿಸಲು ಬಂದರು. ಸೊಸೆ ತಲೆನೋವು ಅಂತ ಒಳಗೇ ಇದ್ದಳು. ಮಗಳ ಯೂನಿಫಾರ್ಮು ಹೊಲಿಸಬೇಕಾಗಿತ್ತು. ಹತ್ತಿರದ ಟೈಲರಮ್ಮನ ಓಣಿ ಬಿಟ್ಟು ಪೇಟೆಯ ಆ ತುದಿಗೆ ನಡೆದುಹೋಗಿ ಕೊಟ್ಟುಬಂದಳು.

ನಾಲ್ಕನೆಯ ವಾರ ಟೈಲರಮ್ಮನೇ ಮನೆಗೆ ಬಂದಳು. ಗಂಡ ನೀರಿನ ಮೇಲಿದ್ದ, ನಾದಿನಿ ಶೆಡ್ಡಿನಲ್ಲಿ. ಅತ್ತೆ ಮಣೆ ಕೊಟ್ಟು ಒಳಗೆ ಸರಿದಳು. ಟೈಲರಮ್ಮ ಸೊರಗಿದ್ದಳು. ಮೋಟಾರು ಓಡುತ್ತಿದೆಯಂತೆ, ಸಂತೋಷ ಅಂದಳು. ನೀನೇ ಸರಿಮಾಡಿದೆ ಅಂತ ನಿನ್ನ ಗಂಡ ಕಟ್ಟೆಯಲ್ಲಿ ತಮಾಷೆ ಮಾಡುತ್ತಾನಂತೆ. ನಮ್ಮನೆಯವರು ಊಟ ಬಿಟ್ಟಿದ್ದಾರೆ, ಎರಡು ಚಮಚ ನೀರು ಹೋದರೆ ಹೆಚ್ಚು. ಡಾಕ್ಟರಿಗೆ ಒಯ್ಯಲು ದುಡ್ಡಿಲ್ಲ, ದೋಣಿಯ ದುಡ್ಡು ಔಷಧಿ ಅಂಗಡಿಯ ಹಳೆಯ ಸಾಲಕ್ಕೇ ಮುಗಿದುಹೋಯಿತು. ಮಿಷನ್ನು ಮಾರೋಣ ಅಂತಿದ್ದೀನಿ, ಅದೂ ಕೆಟ್ಟಿದೆ. ಅಂಥ ಮೋಟಾರನ್ನೇ ಸರಿಮಾಡಿದವನು ಇದನ್ನೂ ಮಾಡಿಯಾನು.

"ಯಾರಮ್ಮ ಆ ಮೆಕ್ಯಾನಿಕ್ಕು? ರಿಪೇರಿಗೆ ಎಷ್ಟು ತಗೊಂಡ?"

ಸೊಸೆ ಸೌಟು ಕೆಳಗಿಟ್ಟಳು. ಒಳಗಿನಿಂದ ಅತ್ತೆ ಕೆಮ್ಮಿದಳು.

"ಯಾರೂ ಇಲ್ಲಮ್ಮ. ರಿಪೇರಿ ಇರಲಿಲ್ಲ. ಒಂದು ತಂತಿ ಸಿಕ್ಕಿಸಿದ್ರು, ಕಳ್ಳರು ಒಯ್ಯಬಾರದು ಅಂತ. ಅಜ್ಜನೇ ಮಾಡಿದ್ದು. ಅದನ್ನೇ ಹೇಳ್ತಿದ್ರು ಅವರು. ತಂಗಿ ಅಲ್ಲ. ತಂತಿ."

ಟೈಲರಮ್ಮನ ಮುಖದಲ್ಲಿ ಏನೂ ಕಾಣಲಿಲ್ಲ. ಒಲೆಯ ಮೇಲಿನ ಪಾತ್ರೆಯ ಕಡೆಗೇ ನೋಡುತ್ತಾ ಕೇಳಿದಳು.

"ನಿನಗೆ ಯಾವಾಗ ಗೊತ್ತಾಯ್ತು?"

"ಮೊದಲನೇ ದಿನವೇ."

"ಅವರ ಎದುರಿಗೆ?"

"ಹೂಂ."

ಬೈಯುತ್ತಾಳೆ, ಮಣ್ಣು ತೂರುತ್ತಾಳೆ ಅಂತ ಸೊಸೆ ಕಾದಳು. ಟೈಲರಮ್ಮ ಮಣೆಯ ಮೇಲೆ ಸ್ವಲ್ಪ ಹಿಂದಕ್ಕೆ ಸರಿದು ಗೋಡೆಗೆ ಒರಗಿದಳು, ಅಷ್ಟೆ.

"ಒಂದು ದಿನ ಅವರ ಬಾಯಿಗೆ ಬಟ್ಟೆ ತುರುಕಿದ್ದೆ ನಾನು," ಎಂದಳು ಮೆಲ್ಲಗೆ. "ಮಾರನೇ ದಿನಕ್ಕೆ ಐವತ್ತು ಅಂಗಿ ಕೊಡಬೇಕಿತ್ತು. ಇವರು ತಂ ತಂ ಅಂತ ಬಿಡಲೇ ಇಲ್ಲ. ನಾನೇ ಹೊಲಿದ ಅಂಗಿಯ ತುಂಡು. ಬೆಳಗಾಗೋವರೆಗೂ ತೆಗೀಲಿಲ್ಲ."

ಟೈಲರಮ್ಮ ಮೂಗು ಒರೆಸಿಕೊಂಡಳು.

"ದರ ಹೇಳು," ಎಂದಳು. "ಆ ಮೋಟಾರಿಂದು. ನೀನೇ ಹೇಳು, ನಿನಗೆ ಗೊತ್ತಾಗುತ್ತಲ್ಲ."

ಸೊಸೆಗೆ ಇದಕ್ಕಿಂತ ಕಠಿಣವಾದ ಕೆಲಸ ಹಿಂದೆಂದೂ ಬಂದಿರಲಿಲ್ಲ. ಎಂಟು ವರ್ಷದ ಮೋಟಾರು ಅಂದಳು. ಒಳಗಿನ ಒತ್ತಡ ಹೊಸದರ ಹಾಗಿದೆ. ಗೇರಿನಲ್ಲಿ ನೀರಿಲ್ಲ. ನೀರು ತಳ್ಳುವ ಫ್ಯಾನಿನ ಒಂದು ಎಸಳು ಕಲ್ಲಿಗೆ ತಾಗಿ ಚೂರು ಹೋಗಿದೆ, ಅದಕ್ಕೆ ಎರಡು ಸಾವಿರ ಕಳೆಯಬಹುದು. ಮುಚ್ಚಳದ ಕೊಂಡಿ ಸಡಿಲ, ಅದಕ್ಕೇನೂ ಕಳೆಯಬೇಕಿಲ್ಲ. ಹೀಗೆ ಒಂದೊಂದಾಗಿ ಹೇಳಿ ಮುಗಿಸಿ, "ಅರವತ್ತೈದು," ಎಂದಳು. "ಆರು ಕೊಟ್ಟಿದ್ದೀವಿ. ಐವತ್ತೊಂಬತ್ತು ಕೊಡಬೇಕು."

"ಕೊಡ್ತೀಯಾ?"

"ಒಟ್ಟಿಗೆ ಆಗಲ್ಲ. ಕೊಡ್ತೀನಿ."

ಮನೆಯಲ್ಲಿದ್ದ ಹದಿನೈದು ನೂರನ್ನು ತಂದು ಅವಳ ಕೈಗಿಟ್ಟಳು. ಅವಳು ಅದನ್ನು ಸೆರಗಿಗೆ ಕಟ್ಟಿಕೊಂಡು, ನೀರೂ ಕುಡಿಯದೆ ಎದ್ದುಹೋದಳು.

ಸಂಜೆ ಮನೆಯಲ್ಲಿ ಒಲೆ ಆರಿತ್ತು, ಮಾತು ಹತ್ತಿಕೊಂಡಿತ್ತು. ಗಂಡ ಕಿರುಚಿದ. ಅವಳು ಕೇಳಿದಳು ಅಂತ ಹೇಳಿಬಿಡುವುದಾ, ನೂರೊಂದು ಸುಳ್ಳು ಹೇಳಬಹುದಿತ್ತು ಅಂದ. ಕಟ್ಟೆಯಲ್ಲಿ ಇನ್ನು ಹೇಗೆ ಮುಖ ತೋರಿಸಲಿ ಅಂದ. ಬಾಗಿಲ ಹತ್ತಿರ ನಿಂತಿದ್ದ ಅತ್ತೆಗೂ ಬೈಗುಳ ಬಿತ್ತು, ಮನೆಯಲ್ಲೇ ಇದ್ದೂ ತಡೆಯಲಿಲ್ಲ ಅಂತ. ನನ್ನ ಕೆಮ್ಮು ಅವಳಿಗೆ ಕೇಳಿಸಿದರೆ ತಾನೇ ಅಂದಳು ಅತ್ತೆ. ಆಮೇಲೆ ಅವಳೇ, ಆ ಮುದುಕನಿಗೆ ನಾನು ದಿನಾ ಗಂಜಿ ಒಯ್ದು ಕುಡಿಸಲಾ, ಹೋಗಲಾ ಅಂತ ಕೇಳಿದಳು.

ನಾದಿನಿ ಶೆಡ್ಡಿನ ವಾಸನೆಯ ಬಟ್ಟೆಯಲ್ಲೇ ಕೂತಿದ್ದಳು. ಎಲ್ಲ ಕೇಳಿದ ಮೇಲೆ ಒಂದೇ ಮಾತು ಆಡಿದಳು.

"ಹಂಗಾಮು ಮುಗಿದ ಮೇಲೆ ನನ್ನ ದುಡ್ಡು ತಿರುಗಿ ಬರುತ್ತೆ, ಅಂಗಡಿ ಇಡ್ತೀನಿ ಅಂದ್ಕೊಂಡಿದ್ದೆ. ನನ್ನನ್ನ ಒಂದು ಮಾತು ಕೇಳದೆ ಅದನ್ನ ಕೊಟ್ಟುಬಿಟ್ಟೆ ನೀನು."

"ನಿಮ್ಮ ದುಡ್ಡಲ್ಲಿ ಕೊಡಲ್ಲ ಅತ್ತಿಗೆ."

"ಮತ್ತೆ ಯಾರದರಲ್ಲಿ? ನಿಮ್ಮಪ್ಪ ಎದ್ದು ಬಂದು ಕೊಡ್ತಾನಾ?"

ನಾದಿನಿ ಗೋಡೆಗೆ ಮುಖ ಮಾಡಿ ಮಲಗಿದಳು. ಅವಳು ಅತ್ತದ್ದನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಆ ದಿನವೂ ಬೆನ್ನು ಅಲುಗಿದ್ದು ಮಾತ್ರ ಕಂಡಿತು.

ಮೂರನೆಯ ದಿನ ಬೆಳಿಗ್ಗೆ ನಾದಿನಿ ಶೆಡ್ಡಿಗೆ ಹೋದಾಗ ಅವಳ ಮೇಜಿನ ಪಕ್ಕದ ಜಾಗದಲ್ಲಿ ರಬ್ಬರಿನ ಹೊದಿಕೆ ಕಟ್ಟಿಕೊಂಡು ಸೊಸೆ ನಿಂತಿದ್ದಳು. ಮೇಸ್ತ್ರಿ ಯಾರದೋ ಹಳೆಯ ಚೂರಿ ಕೊಟ್ಟಿದ್ದ. ಬುಟ್ಟಿಗಟ್ಟಲೆ ಮೀನು ಮೇಜಿನ ಮೇಲೆ ಸುರಿದರು. ಪ್ಲಗ್ಗು ಬಿಚ್ಚಿ ಪಳಗಿದ್ದ ಕೈಗೆ ಜಾರುವ ಮೀನು ಹಿಡಿತಕ್ಕೆ ಸಿಗಲಿಲ್ಲ. ಮೊದಲ ತಲೆ ಓರೆಯಾಗಿ ತುಂಡಾಯಿತು, ಎರಡನೆಯದು ಅರ್ಧಕ್ಕೇ ನಿಂತಿತು. ಆ ಕಡೆಯ ಹೆಂಗಸರು ನಕ್ಕರು. ಸೊಸೆ ತಲೆಯೆತ್ತದೆ ಮೂರನೆಯದನ್ನು ಎತ್ತಿಕೊಂಡಳು.

ನಾದಿನಿ ತನ್ನ ಪಾಡಿಗೆ ಟಕ್ ಟಕ್ ಎಂದು ಒಂದು ಬುಟ್ಟಿ ಮುಗಿಸಿದಳು. ಎರಡನೆಯದನ್ನೂ ಮುಗಿಸಿದಳು. ಮನೆಯಲ್ಲಿ ಮೂರು ದಿನದಿಂದ ಅವರಿಬ್ಬರ ನಡುವೆ ಮಾತಿರಲಿಲ್ಲ. ಮೂರನೆಯ ಬುಟ್ಟಿ ಸುರಿದಾಗ ಅವಳು ತನ್ನ ಚೂರಿ ಕೆಳಗಿಟ್ಟು, ಒದ್ದೆ ಕೈಯಿಂದ ಸೊಸೆಯ ಎಡಗೈಯನ್ನು ಹಿಡಿದು, ನೆಟ್ಟಗೆ ಚಾಚಿಕೊಂಡಿದ್ದ ಬೆರಳುಗಳನ್ನು ಒಂದೊಂದಾಗಿ ಒಳಕ್ಕೆ ಮಡಿಸಿದಳು.

"ಹೀಗೆ ಹಿಡ್ಕೋ," ಎಂದಳು. "ಇಲ್ಲಾಂದ್ರೆ ಮೀನಿನ ಜೊತೆ ಬೆರಳೂ ಹೋಗುತ್ತೆ."